ಕಂಬಳಿಯ ನಾಲ್ಕನೆಯ ಮೂಲೆ

ನನ್ನ ಎಡಗೈ ಹೆಬ್ಬೆರಳಿಗೆ ಒಂದು ಚಟವಿದೆ. ಮದುವೆಯ ಕಾರ್ಡು ಕಣ್ಣಿಗೆ ಬಿತ್ತೆಂದರೆ ಅದು ತಾನಾಗಿಯೇ ಏನನ್ನೋ ಅದುಮಿ ಹಿಡಿಯುತ್ತದೆ. ಕುರ್ಚಿಯ ಕೈಯೋ, ಸ್ವಂತ ಮೊಣಕಾಲೋ, ಪಕ್ಕದವರ ಚೀಲವೋ, ಅದಕ್ಕೆ ಭೇದವಿಲ್ಲ. ಹೆಬ್ಬೆರಳು ಹೀಗೆ ಅದುಮಿ ಕೂತ ಕೂಡಲೇ ಬಲಗೈಯ ಬೆರಳುಗಳು ತೊಡೆಯ ಮೇಲೆ ಟಕ ಟಕ ಟಕ ಎಂದು ಮೂರು ಸಲ ಬಡಿದು ಸುಮ್ಮನಾಗುತ್ತವೆ. ಆಮೇಲೆ ಹೆಬ್ಬೆರಳು ಏಳುತ್ತದೆ. ಡಾಕ್ಟರಿಗೆ ತೋರಿಸಿದ್ದೇನೆ. ನರಗಳ ದೋಷವಲ್ಲ ಎಂದರು. ಹಾಗಾದರೆ ಏನು ಎಂದು ಕೇಳಿದ್ದಕ್ಕೆ "ವಯಸ್ಸು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅವರಿಗಿನ್ನೂ ಮೂವತ್ತೈದು ತುಂಬಿಲ್ಲ, ಆದ್ದರಿಂದ ಅವರ ತಪ್ಪಲ್ಲ.

ಮೊನ್ನೆ ಮೂಡಲಗಿಯ ಒಂದು ಮದುವೆಯಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬೀಳುವುದು ಇನ್ನೂ ತಡವಿತ್ತು. ಬಾಜೂ ಕುರ್ಚಿಯಲ್ಲಿ ಕೂತವರು ಕಲ್ಲೋಳಿಯ ಕಡೆಯ ನಿವೃತ್ತ ಗಣಿತ ಮಾಸ್ತರರು. ನನ್ನ ತೊಡೆಯನ್ನು ಬಹಳ ಹೊತ್ತು ಪರೀಕ್ಷೆಯ ಮೇಲ್ವಿಚಾರಕರಂತೆ ನೋಡಿ ಕೇಳಿದರು:

"ಜಪಾ ನಡಸೀರೇನ್ರಿ?"

"ಹಂಗಂತ ತಿಳೀರಿ."

"ಮೂರು ಬಡೀತೀರಿ, ಬಿಡ್ತೀರಿ. ಮತ್ತ ಮೂರು ಬಡೀತೀರಿ, ಬಿಡ್ತೀರಿ. ಯಾವ ದೇವರದ್ರಿ ಇದು?"

"ಆಲ್ಟ್ ಅಂತ ಒಂದು ಐತ್ರಿ. ಈಗ ಭಕ್ತರು ಕಡಿಮಿ ಆಗ್ಯಾರ."

ಅವರು ಭಕ್ತಿಯಿಂದಲೇ ತಲೆಯಾಡಿಸಿದರು. ಹೆಸರು ಕೇಳಿರದ ದೇವರಿಗೂ ತಲೆಯಾಡಿಸುವ ದೊಡ್ಡ ಗುಣ ನಮ್ಮ ಕಡೆ ಇನ್ನೂ ಉಳಿದಿದೆ.

ಈ ದೇವರ ಮಹಿಮೆಯನ್ನು ಈಗಿನವರಿಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ಮೂವತ್ತು ವರ್ಷಗಳ ಹಿಂದಿನ ಕಂಪ್ಯೂಟರಿನ ಕೀಲಿಮಣೆಯ ಮೇಲೆ ಕಾಣುವ ಅಕ್ಷರಗಳು ನೂರರ ಆಸುಪಾಸು. ಆದರೆ ಯಂತ್ರದ ಹೊಟ್ಟೆಯೊಳಗೆ ಇನ್ನೂ ಅಷ್ಟಕ್ಕಿಂತ ಹೆಚ್ಚು ಚಿಹ್ನೆಗಳು ಅಡಗಿ ಕೂತಿದ್ದವು. ಗೆರೆಗಳು, ಮೂಲೆಗಳು, ಚುಕ್ಕಿ ತುಂಬಿದ ಚೌಕಗಳು, ತಲೆಯ ಮೇಲೆ ಕೊಕ್ಕೆ ಇಟ್ಟುಕೊಂಡ ಪರದೇಶಿ ಅಕ್ಷರಗಳು. ಇವರೆಲ್ಲ ಹೆಸರು ಹಿಡಿದು ಕರೆದರೆ ಬರುವವರಲ್ಲ, ಮನೆ ನಂಬರು ಹೇಳಿದರಷ್ಟೇ ಹೊರಗೆ ಬರುವವರು. ಎಡ ಹೆಬ್ಬೆರಳಿನಿಂದ ಆಲ್ಟ್ ಎಂಬ ಕೀಲಿಯನ್ನು ಅದುಮಿ ಹಿಡಿಯಬೇಕು. ಹಿಡಿದುಕೊಂಡೇ ಬಲತುದಿಯಲ್ಲಿರುವ ಅಂಕಿಗಳ ಮೇಲೆ ಆ ಚಿಹ್ನೆಯ ನಂಬರು ಹೊಡೆಯಬೇಕು. ಹೊಡೆದು ಹೆಬ್ಬೆರಳು ಎತ್ತಬೇಕು. ಎತ್ತಿದಾಗ ಪರದೆಯ ಮೇಲೆ ಚಿಹ್ನೆ ಉದುರುತ್ತದೆ. ಮೂಗು ಹಿಡಿದು ಮಂತ್ರ ಹೇಳಿ ಬಿಟ್ಟ ಮೇಲೆ ಫಲ ಎನ್ನುತ್ತಾರಲ್ಲ, ಅದೇ ಪದ್ಧತಿ. ನಡುವೆ ಕೈ ಸಡಿಲಾದರೆ ಬೇರೆಯೇ ಯಾರೋ ಪ್ರತ್ಯಕ್ಷರಾಗುತ್ತಿದ್ದರು.

ಆಗ ನಾನು ಗೋಕಾಕದಲ್ಲಿ ಟೈಪಿಂಗ್ ಮಾಸ್ತರ. ಕರದಂಟಿನ ಅಂಗಡಿಯೊಂದರ ಬಾಜೂ ಎಂಟು ಟೈಪ್‌ರೈಟರುಗಳ ನನ್ನ ಸಂಸ್ಥಾನ. ಕಾಲ ಬದಲಾಗುತ್ತಿದೆ ಎಂದು ನನಗಿಂತ ಮೊದಲೇ ನನ್ನ ವಿದ್ಯಾರ್ಥಿಗಳಿಗೆ ಗೊತ್ತಾಗಿ ಅವರು ಬರುವುದು ಬಿಟ್ಟದ್ದರಿಂದ, ಒಂದು ಕಂಪ್ಯೂಟರ್ ತಂದು ಕೂರಿಸಿದೆ. ಕೂರಿಸಿದೆ ಎನ್ನುವುದಕ್ಕಿಂತ ಪ್ರತಿಷ್ಠಾಪಿಸಿದೆ ಎನ್ನಬೇಕು. ಒಳಗೆ ಬರುವವರು ಚಪ್ಪಲಿ ಹೊರಗೆ ಬಿಡಬೇಕಿತ್ತು. ಸೀನುವವರಿಗೆ ಪ್ರವೇಶವಿರಲಿಲ್ಲ. ಧೂಳು ಕೂಡಬಾರದೆಂದು ನನ್ನ ಹೆಂಡತಿ ಹಳೆಯ ಗಾದಿಯ ಬಟ್ಟೆಯಿಂದ ಅದಕ್ಕೆ ಅಂಗಿ ಹೊಲಿದುಕೊಟ್ಟಿದ್ದಳು. ಅಂಗಿಯ ಎದೆಯ ಮೇಲೆ ಗುಲಾಬಿ ಹೂವಿತ್ತು.

ಚಿಹ್ನೆಗಳ ನಂಬರುಗಳೆಲ್ಲ ಯಂತ್ರದ ಜೊತೆ ಬಂದ ಪುಸ್ತಕದ ಕೊನೆಯ ಪುಟದಲ್ಲಿದ್ದವು. ಅವನ್ನು ನಾನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಜೋಡಿಗೆರೆಯ ಮೇಲಿನ ಎಡಮೂಲೆ ಇನ್ನೂರಾ ಒಂದು. ಮೇಲಿನ ಬಲಮೂಲೆ ನೂರಾ ಎಂಬತ್ತೇಳು. ಕೆಳಗಿನ ಬಲಮೂಲೆ ನೂರಾ ಎಂಬತ್ತೆಂಟು. ಕೆಳಗಿನ ಎಡಮೂಲೆ ಇನ್ನೂರು. ಅಡ್ಡಗೆರೆ ಇನ್ನೂರಾ ಐದು, ಉದ್ದಗೆರೆ ನೂರಾ ಎಂಬತ್ತಾರು. ಕಪ್ಪು ಚುಕ್ಕಿ ಒತ್ತಾಗಿ ತುಂಬಿದ ಚೌಕ ನೂರಾ ಎಪ್ಪತ್ತೆಂಟು. "ಸಂತಿಯಿಂದ ಉಳ್ಳಾಗಡ್ಡಿ ತರೂದು ನೆನಪ ಇರೂದಿಲ್ಲ, ಮೂಲಿ ನಂಬರ ಮಾತ್ರ ನೆನಪ ಇರತಾವು" ಎಂದು ಹೆಂಡತಿ ನೆರೆಮನೆಯವರಿಗೆ ಹೇಳುತ್ತಿದ್ದಳು. ನನಗೆ ಕೇಳಿಸಲಿ ಎಂದೇ ಹೇಳುತ್ತಿದ್ದಳು.

ಇಂಥ ವಿದ್ಯೆ ಕಲಿತವನಿಗೆ ಅದನ್ನು ತೋರಿಸಲು ಒಂದು ನೆಪ ಬೇಕು. ಆ ನೆಪ ಮೇಲವಂಕಿಯಿಂದ ಬಸ್ಸು ಹತ್ತಿ, ಹೆಗಲ ಮೇಲೆ ಕರಿಕಂಬಳಿ ಹಾಕಿಕೊಂಡು ಬಂತು. ಲಗಮವ್ವ. ಎಪ್ಪತ್ತರ ಹತ್ತಿರದ ಕುರುಬರ ಹಿರಿಯಳು. ಜೊತೆಗೆ ಮಗ ಸಿದ್ದಪ್ಪ. ಸಿದ್ದಪ್ಪನ ಮಗನ ಮದುವೆ ಕೂಡಿಬಂದಿತ್ತು. ಕಾರ್ಡು ಹೊಡೆಯುವುದು ಹುಕ್ಕೇರಿಯಲ್ಲಿ ಮುದ್ರಣಾಲಯ ಇಟ್ಟಿದ್ದ ನನ್ನ ಗೆಳೆಯ ಅಣ್ಣಾಸಾಹೇಬನ ಕೆಲಸ. ಆದರೆ ಅವನ ಹತ್ತಿರ ಕಾರ್ಡಿನ ನೆತ್ತಿಗೆ ಹಾಕಲು ಇದ್ದದ್ದು ಗಣಪತಿ, ಕಳಸ ಮತ್ತು ಒಂದು ಸವೆದ ನವಿಲು. ಲಗಮವ್ವನಿಗೆ ಇವರಾರೂ ಬೇಕಾಗಿರಲಿಲ್ಲ. ಹೊಸದಾಗಿ ಕಂಪ್ಯೂಟರ್ ಇಟ್ಟಿದ್ದರೂ ಚಿಹ್ನೆಗಳ ನಂಬರು ಗೊತ್ತಿರದ ಅಣ್ಣಾಸಾಹೇಬ ಅವಳನ್ನು ನನ್ನ ಕಡೆ ಸಾಗಹಾಕಿದ್ದ.

ಮುದುಕಿ ಕುರ್ಚಿ ಒಲ್ಲೆನೆಂದು ಕಂಬಳಿ ಹಾಸಿ ನೆಲದ ಮೇಲೆ ಕೂತಳು.

"ಕಾರ್ಡಿನ ಮ್ಯಾಲ ಕಂಬಳಿ ಬೇಕ್ರಿ ಮಾಸ್ತರ್ರ. ಹಾಸಿದ ಕಂಬಳಿ."

"ಗಣಪತಿ ಇದ್ರ ಶುಭ ಅಲ್ಲೇನ ಬೇ?"

"ಗಣಪತಿ ಎಲ್ಲಾರ ಕಾರ್ಡಿಗೂ ಹೋಗ್ತಾನ. ನನ್ನ ತಮ್ಮಗ ತಿಳೀಬೇಕಲ್ಲ, ಇದು ಲಗಮಿ ಮನ್ಯಾಂದ ಬಂದದ್ದು ಅಂತ. ಅವಗ ಓದಾಕ ಬರೂದಿಲ್ಲ. ಓದಿ ಹೇಳಾವ ಏನ ಓದ್ತಾನೋ ಯಾರ ಕಂಡಾರ. ಕಂಬಳಿ ಆದ್ರ ಕಂಬಳೀನ ಕಾಣತೇತಿ."

ಇಷ್ಟು ಹೇಳಿ, ನೀರು ಕುಡಿಯಲೆಂದು ಹೊರಗಿನ ಕೊಡಪಾನದ ಕಡೆ ಎದ್ದಳು. ಏಳುವಾಗ ತಾನು ಕೂತ ಕಡೆಯ ಕಂಬಳಿಯ ಮೂಲೆಯನ್ನು ಒಳಗೆ ಮಡಚಿಟ್ಟು ಹೋದಳು. ನನ್ನ ಅಂಗಡಿಯಲ್ಲಿ ಆಗ ಇದ್ದದ್ದು ಮೂವರೇ, ಆ ಕಂಬಳಿಯ ಮೇಲೆ ಕಣ್ಣಿಟ್ಟವರು ಯಾರೂ ಇರಲಿಲ್ಲ. ನಾನು ನೋಡುತ್ತಿದ್ದದ್ದನ್ನು ಕಂಡು ಸಿದ್ದಪ್ಪ ನಕ್ಕ.

"ಕುರಿ ಹಿಂದ ಅಡ್ಡಾಡಿದ ರೂಢಿರಿ. ಎದ್ದ ಹೋದಾವ ಮೂಲಿ ಮಡಚಿ ಹೋದ್ನೆಂದ್ರ ಅವ ಬರೂತನಕ ಅಲ್ಲಿ ಯಾರೂ ಕೂಡೂದಿಲ್ಲ. ಮನ್ಯಾಗೂ ಹಂಗ ಮಾಡ್ತಾಳ. ಒಬ್ಬಾಕಿನ ಇದ್ರೂ ಮಾಡ್ತಾಳ."

ಅವಳು ಬರುವುದರೊಳಗೆ ತಮ್ಮನ ಕಥೆಯನ್ನೂ ಅವನೇ ಹೇಳಿದ. ತಮ್ಮ ಬೀರಪ್ಪ. ಅಕ್ಕನ ಮನೆಯ ಮದುವೆಗಳಲ್ಲಿ ಹಿರಿಯರ ಕಂಬಳಿಯ ಮೇಲೆ ಮೊದಲು ಕೂಡುವವನು ಅವನೇ. ಇಪ್ಪತ್ತೆರಡು ವರ್ಷದ ಹಿಂದೆ ಸಿದ್ದಪ್ಪನ ಮದುವೆಯಲ್ಲಿ ಹಾಗೆ ಕೂತಿದ್ದವನು, ಊರ ಹೊರಗೆ ನಿಲ್ಲಿಸಿದ್ದ ಕುರಿ ನೋಡಿ ಬರುತ್ತೇನೆಂದು ಎದ್ದುಹೋದ. ತಿರುಗಿ ಬರುವುದರಲ್ಲಿ ಅವನ ಜಾಗದಲ್ಲಿ ಬೀಗರ ಕಡೆಯ ದೊಡ್ಡ ಮನುಷ್ಯರೊಬ್ಬರು ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವರನ್ನು ಏಳಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಬೀರಪ್ಪ ಹಾಗೇ ಹಿಂದಕ್ಕೆ ಹೋದ. ಊಟವನ್ನೂ ಮಾಡಲಿಲ್ಲ. ಆಮೇಲೆ ಅಕ್ಕನ ಮನೆಯ ಹೊಸ್ತಿಲು ತುಳಿದಿರಲಿಲ್ಲ.

"ಈಗ ಹುಕ್ಕೇರಿ ಬಾಜೂ ಹೊಲದಾಗ ಅವನ ಕುರಿ ಅದಾವ್ರಿ. ಮಂಗಳವಾರ ಮುಂಜಾನೆ ಎಬ್ಬಿಸಿಕೊಂಡ ಹೊಂಟನಂದ್ರ ಮುಗೀತು. ಎಲ್ಲಿ ಹುಡಕೂದು?"

ಅದು ನಿಜ. ಕುರಿಹಿಂಡಿಗೆ ಪಿನ್‌ಕೋಡ್ ಇಲ್ಲ. ಅಂದು ಶನಿವಾರ.

"ಅವ್ವ ತಾನ ಹೋಗಿ ಕರೀಬಾರದ?" ಎಂದೆ.

ಬಾಗಿಲಲ್ಲಿ ಬಾಯಿ ಒರೆಸಿಕೊಳ್ಳುತ್ತ ನಿಂತಿದ್ದ ಲಗಮವ್ವ ಉತ್ತರ ಕೊಟ್ಟಳು: "ನಾ ಹ್ವಾದ್ರ ಜಗಳಾ ಮುಂದ ಹೋಕ್ಕೇತಿ. ಕಾರ್ಡಿಗೆ ಬಾಯಿ ಇರೂದಿಲ್ಲ."

ಆಮೇಲೆ ತನ್ನ ಮೂಲೆಯನ್ನು ಬಿಚ್ಚಿ ಕೂತಳು.

ಚೌಕುಳಿ ಹಾಳೆಯ ಮೇಲೆ ಮೊದಲು ಪೆನ್ಸಿಲಿನಿಂದ ಲೆಕ್ಕ ಹಾಕಿದೆ. ಇಪ್ಪತ್ತು ಮನೆ ಅಗಲ, ಆರು ಸಾಲು ಎತ್ತರ. ಸುತ್ತಲೂ ಜೋಡಿಗೆರೆಯ ಅಂಚು, ಒಳಗೆ ಒತ್ತು ಚುಕ್ಕಿಯ ಕರಿ ಮೈ. ಅದನ್ನು ನೋಡಿ ನೋಡಿ ಯಂತ್ರದಲ್ಲಿ ಮೂಡಿಸಿದೆ. ಹೆಬ್ಬೆರಳು ಅದುಮುವುದು, ಮೂರಂಕಿ ಹೊಡೆಯುವುದು, ಎತ್ತುವುದು, ಹೀಗೆ ನೂರಿಪ್ಪತ್ತು ಸಲ. ನೇಕಾರ ಕೂಡ ಇಷ್ಟು ಶ್ರಮದಿಂದ ಕಂಬಳಿ ನೇಯ್ದಿರಲಾರ ಎಂದು ನಾನು ಅಂದುಕೊಂಡೆ. ನೇಕಾರರನ್ನು ಕೇಳಿರಲಿಲ್ಲ. ಲಗಮವ್ವ ಪರದೆಯ ಹತ್ತಿರ ಮುಖ ತಂದು ನೋಡಿದಳು.

"ಕಂಬಳೀನ" ಎಂದಳು.

ನನ್ನ ಜೀವಮಾನದಲ್ಲಿ ನನಗೆ ಬಂದ ಪ್ರಶಸ್ತಿಗಳಲ್ಲಿ ಇದು ಮೊದಲನೆಯದು. ಎರಡನೆಯದು ಇನ್ನೂ ಬರಬೇಕಾಗಿದೆ.

ನನ್ನ ಯಂತ್ರಕ್ಕೆ ಒಳಗೆ ಕೂಡಿಡುವ ಡಬ್ಬಿ ಇರಲಿಲ್ಲ. ಬರೆದದ್ದೆಲ್ಲ ಫ್ಲಾಪಿ ಎಂಬ ಕರಿ ಬಿಲ್ಲೆಯಲ್ಲಿ ಇರಬೇಕು. ಈಗಿನವರು ನೋಡಿರಲಿಕ್ಕಿಲ್ಲ, ಅಂಗೈ ಅಗಲದ, ತೆಳ್ಳನೆಯ, ನಡುವೆ ತೂತಿರುವ ಚೌಕ. ನನ್ನ ಹತ್ತಿರ ಆಗ ಖಾಲಿ ಉಳಿದದ್ದು ಒಂದೇ. ಅದರೊಳಗೆ ಕಂಬಳಿಯನ್ನು ಇಳಿಸಿ, ಲಕೋಟೆಗೆ ಹಾಕುವ ಮುನ್ನ, ಇದೇ ಈಗ ಹುಕ್ಕೇರಿಗೆ ಹೋಗತಕ್ಕದ್ದು, ಕಂಬಳಿ ಇದರೊಳಗಿದೆ ಎಂದು ಲಗಮವ್ವನಿಗೆ ಗಂಭೀರವಾಗಿ ವಿವರಿಸಿದೆ. ವಿವರಿಸಬಾರದಿತ್ತು.

ಒಳಗೆ ಕಂಬಳಿ ಇದೆ ಎಂದ ಮೇಲೆ ಅದು ಬರಿ ಬಿಲ್ಲೆಯಲ್ಲವಲ್ಲ. ಅವಳು ಸೊಂಟದ ಚೀಲ ಬಿಚ್ಚಿ, ದೇವರ ಭಂಡಾರವನ್ನು, ಎಂದರೆ ಪೂಜೆಯ ಅರಿಸಿನಪುಡಿಯನ್ನು, ಚಿಮಟಿಗಟ್ಟಲೆ ತೆಗೆದು, ಫ್ಲಾಪಿಯ ನಡುವಿನ ತೂತಿಗೆ ಸರಿಯಾಗಿ ಹಚ್ಚಿ ಕಣ್ಣಿಗೆ ಒತ್ತಿಕೊಂಡಳು. ಸೀನುವವರನ್ನು ಹೊರಗಿಟ್ಟಿದ್ದ ನಾನು, ಚಪ್ಪಲಿ ಬಿಡಿಸಿದ್ದ ನಾನು, ಬಾಯಿ ತೆರೆದುಕೊಂಡು ನಿಂತೆ. ತಡೆಯುವುದು ಹೇಗೆ? ದೇವರಿಗೆ ಧೂಳು ಎನ್ನಲಾದೀತೇ? ಸಿದ್ದಪ್ಪ ಫ್ಲಾಪಿ ಹಿಡಿದು ಹುಕ್ಕೇರಿಯ ಬಸ್ಸು ಹತ್ತಿದ. ಕಾರ್ಡುಗಳು ಆದ ಮೇಲೆ ಅವನು ಅವನ್ನು ತಂದು ನನ್ನ ಅಂಗಡಿಯಲ್ಲಿ ಅವ್ವನಿಗೆ ತೋರಿಸಬೇಕು, ಮೊದಲ ಕಾರ್ಡಿಗೆ ಅವಳ ಕೈಯಿಂದ ಭಂಡಾರ ಬೀಳಬೇಕು, ಆಮೇಲೆ ಅದು ಬೀರಪ್ಪನಿಗೆ ಹೋಗಬೇಕು ಎಂದು ಮಾತಾಗಿತ್ತು.

ಭಾನುವಾರ ಮಧ್ಯಾಹ್ನ ಕರದಂಟಿನ ಅಂಗಡಿಯ ಮಲ್ಲಪ್ಪ ನನ್ನನ್ನು ಕೂಗಿದ. ನಮ್ಮ ಸಾಲಿಗೆಲ್ಲ ಒಂದೇ ಫೋನು, ಅದು ಅವನ ಹಣದ ಗಲ್ಲೆಯ ಮೇಲಿತ್ತು. ಆ ಕಡೆ ಅಣ್ಣಾಸಾಹೇಬ.

"ಲೇ ಮಾಸ್ತರ, ಏನ ಕಳಿಸೀಯೋ? ಯಂತ್ರದ ಬಾಯಾಗ ಹಾಕಿದ್ರ ಕರಕರ ಅಂತೈತಿ. ತಗದ ನೋಡಿದ್ರ ಅರಿಸಿನ ಉದುರತೈತಿ. ಫ್ಲಾಪಿ ಕಳಿಸೀಯೋ, ಫಳಾರ ಕಳಿಸೀಯೋ?"

ನಾನೇ ಹಾಳೆ ತೆಗೆದುಕೊಂಡು ಹೋಗೋಣವೆಂದರೆ ಅಂದು ಕಬ್ಬಿನ ದರಕ್ಕಾಗಿ ರಸ್ತೆ ತಡೆ, ಬೆಳಗಿನಿಂದ ಬಸ್ಸುಗಳೆಲ್ಲ ನಿಂತಿದ್ದವು. ಮಂಗಳವಾರ ಬೆಳಗ್ಗೆ ಕುರಿ ಏಳುತ್ತವೆ. ಉಳಿದದ್ದು ಒಂದೇ ದಾರಿ. ಚೌಕುಳಿ ಹಾಳೆಯನ್ನು ತಂದು, ಮಲ್ಲಪ್ಪನ ಗಲ್ಲೆಗೆ ಮೊಣಕೈ ಊರಿ, ಫೋನಿನಲ್ಲಿ ಕಂಬಳಿ ಹೇಳತೊಡಗಿದೆ.

"ಆಲ್ಟ್ ಹಿಡ್ಕೋ. ಹಿಡ್ದಿಯಾ? ಎರಡು, ಸೊನ್ನಿ, ಒಂದು. ಬಿಡು. ಬಂತಾ?"

"ಏನೋ ಒಂದು ಬಂತು."

"ಮೂಲಿ ಬಂತಾ?"

"ಬಂತ ಬಂತ, ಮೂಲಿ."

"ಇನ್ನ ಎರಡು, ಸೊನ್ನಿ, ಐದು. ಹದಿನೆಂಟು ಸಲ. ಆಮ್ಯಾಲ ಒಂದು, ಎಂಟು, ಏಳು, ಒಂದ ಸಲ."

ಫೋನಿನ ತಂತಿ ಆ ಕಾಲದಲ್ಲಿ ಮೆಲ್ಲನೆ ಆಡಿದ್ದನ್ನು ಒಯ್ಯುತ್ತಿರಲಿಲ್ಲ. ನಾನು ಅರಚುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಂಗಡಿಯ ಮುಂದೆ ನೆರಳುಗಳು ಕೂಡಿದವು. ತಿರುಗಿ ನೋಡಿದರೆ ಏಳೆಂಟು ಜನ ನಿಂತಿದ್ದಾರೆ. ಒಬ್ಬ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ. ಇನ್ನೊಬ್ಬ ಬೀಡಿ ಕಟ್ಟಿನ ಕಾಗದದ ಮೇಲೆ. ನಮ್ಮ ಕಡೆ ಫೋನಿನಲ್ಲಿ ಅಂಕಿ ಕೂಗುವವನು ಒಬ್ಬನೇ, ಮಟ್ಕಾದವನು. ಜೂಜಿನ ನಂಬರು ಇಷ್ಟು ಧಾರಾಳವಾಗಿ, ಹದಿನೆಂಟು ಹದಿನೆಂಟು ಸಲ ಹೇಳುವ ಪುಣ್ಯಾತ್ಮನನ್ನು ಅವರು ಕಂಡಿರಲಿಲ್ಲ.

ಮೂರನೆಯ ಸಾಲಿನಲ್ಲಿದ್ದಾಗ ಒಬ್ಬ ಪೊಲೀಸಪ್ಪ ಬಂದು ನನ್ನ ಹೆಗಲ ಮೇಲೆ ಬೆರಳಿಟ್ಟ.

"ಏನ್ರಿ ಮಾಸ್ತರ, ಹಾಡೇ ಹಗಲ?"

"ಕಂಬಳಿ ಹೇಳಾಕತ್ತೇನ್ರಿ."

"ಕಂಬಳಿ."

"ಇದು ಅಂಚು, ಇದು ಮೈ, ಇದು ಮೂಲಿ." ಹಾಳೆ ತೋರಿಸಿದೆ. ಅವನು ಹಾಳೆಯನ್ನು ತಿರುಗಿಸಿ ನೋಡಿದ. ಚೌಕುಳಿ, ಅದರ ತುಂಬ ಅಂಕಿ. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಮಟ್ಕಾದವನ ಮೇಲೂ ಸಿಕ್ಕಿರಲಿಕ್ಕಿಲ್ಲ.

"ಕಂಬಳಿ ಮೈಗೆ ನೂರಾ ಎಪ್ಪತ್ತೆಂಟಂತ ಯಾರ ಹೇಳಿದ್ರು?"

"ಕಂಪನಿಯವ್ರು ಇಟ್ಟ ನಂಬರ್ರಿ."

ಇದನ್ನು ನಂಬುವ ಪೊಲೀಸನಾಗಿದ್ದರೆ ಅವನು ಪೊಲೀಸನಾಗಿ ಉಳಿಯುತ್ತಿರಲಿಲ್ಲ. ಆದರೆ ಮಲ್ಲಪ್ಪ ಕರದಂಟಿನ ಒಂದು ತುಂಡು ಅವನ ಕೈಗಿಟ್ಟು, ಲಗಮವ್ವನ ಕಥೆಯನ್ನು, ನಾನು ಹೇಳುವುದಕ್ಕಿಂತ ಚೆನ್ನಾಗಿ, ಇಪ್ಪತ್ತೆರಡು ವರ್ಷವನ್ನು ಇಪ್ಪತ್ತೈದು ಮಾಡಿ ಹೇಳಿದ. ಪೊಲೀಸಪ್ಪ ಅಗಿಯುತ್ತ ಕೇಳಿದ. ಅವನಿಗೂ ಒಬ್ಬ ಅಕ್ಕ ಇದ್ದಳೆಂದು ಕಾಣುತ್ತದೆ. ಗಲ್ಲೆಯ ಬಾಜೂ ಸ್ಟೂಲು ಎಳೆದುಕೊಂಡು ಕೂತು, "ಎಷ್ಟನೇ ಸಾಲು ಈಗ?" ಎಂದು ಕೇಳಿದ. ಮುಂದಿನ ಸಾಲುಗಳನ್ನು ಬೆರಳಿಟ್ಟು ಎಣಿಸಿದವನು ಅವನೇ. ಜನರೂ ಚದುರಲಿಲ್ಲ. ಅಂಗೈ ಮೇಲೆ ಬರೆದುಕೊಂಡವನು ಮಾತ್ರ ಬೇಸರದಿಂದ ಕೈ ತೊಳೆಯಲು ಹೋದ.

ಕೊನೆಯ ಸಾಲು ಬಂತು.

"ಎರಡು, ಸೊನ್ನಿ, ಸೊನ್ನಿ" ಎಂದೆ.

ಆ ಕಡೆ ಕೀಲಿಯ ಟಕಟಕ ನಿಂತಿತು.

"ಎರಡು ನೂರಲೇ. ಕೆಳಗಿನ ಎಡಮೂಲಿ."

"ಬರೇ ಎರಡು ನೂರಾ?" ಎಂದ ಅಣ್ಣಾಸಾಹೇಬ.

"ಬರೇ ಎರಡು ನೂರು."

"ಹೂಂ" ಎಂದ. ಆ "ಹೂಂ" ನನ್ನ ಕಿವಿಗೆ ಸರಿ ಬೀಳಲಿಲ್ಲ. ಆದರೆ ಹಿಂದೆ ಪೊಲೀಸಪ್ಪ "ಮುಂದಿಂದು ಹೇಳ್ರಿ, ಹದಿನೆಂಟು ಐತಿ" ಎಂದು ಅವಸರ ಮಾಡುತ್ತಿದ್ದ.

ಇಲ್ಲಿ ಅಣ್ಣಾಸಾಹೇಬನ ಬಗ್ಗೆ ಒಂದು ಮಾತು ಹೇಳಲೇಬೇಕು. ಶುಭಕಾರ್ಯದಲ್ಲಿ ಸೊನ್ನೆಗೆ ನಿಲ್ಲಿಸಬಾರದೆಂಬುದು ನಮ್ಮೆಲ್ಲರ ಪದ್ಧತಿ. ತೆಂಗಿನಕಾಯಿ ಐವತ್ತೊಂದು, ಉಡುಗೊರೆ ನೂರಾ ಒಂದು. ನಾವು ಅದನ್ನು ಪಾಲಿಸುತ್ತೇವೆ, ಅವನು ಅದರಿಂದ ಪೀಡಿತನಾಗಿದ್ದ. ಮುನ್ನೂರು ಕಾರ್ಡು ಹೇಳಿದರೆ ಮುನ್ನೂರಾ ಒಂದು ಹೊಡೆಯುವನು. ಹತ್ತು ಗಂಟೆಯ ಮುಹೂರ್ತ ಬರೆಸಲು ಬಂದವರನ್ನು ಪುಸಲಾಯಿಸಿ ಹತ್ತು ಒಂದು ಮಾಡಿಸಿದ್ದುಂಟು. ಅಂಥವನಿಗೆ ನಾನು ಮದುವೆಯ ಕಾರ್ಡಿನ ಮೇಲೆ, ಕಂಬಳಿಯ ಮೂಲೆಗೆ, ಒಂದಲ್ಲ ಎರಡು ಸೊನ್ನೆ ಹೊಡೆ ಎಂದು ಹೇಳಿದ್ದೆ.

ಸೋಮವಾರ ಬೆಳಗ್ಗೆ ರಸ್ತೆ ತೆರೆಯಿತು. ಸಿದ್ದಪ್ಪ ಮೊದಲ ಬಸ್ಸಿಗೇ ಮುನ್ನೂರಾ ಒಂದು ಕಾರ್ಡು ಹೊತ್ತು ಬಂದ. ಅಕ್ಷರಗಳು ಸೀಸದ ಅಚ್ಚುಮೊಳೆಯವು, ಹೊಳೆಯುತ್ತಿದ್ದವು. ನೆತ್ತಿಯ ಮೇಲೆ ಕಂಬಳಿ; ಅದನ್ನು ಅಣ್ಣಾಸಾಹೇಬ ಒಂದೊಂದೇ ಕಾರ್ಡನ್ನು ಕಂಪ್ಯೂಟರಿನ ಪ್ರಿಂಟರಿಗೆ ಉಣಿಸಿ ಹೊಡೆದಿದ್ದ. ನೋಡಿದೆ. ಮೂರು ಮೂಲೆ ನೆಟ್ಟಗಿವೆ. ಕೆಳಗಿನ ಎಡಮೂಲೆಯಲ್ಲಿ ಮಾತ್ರ ಇಳಿದು ಬಂದ ಗೆರೆ ಅಂಚಿಗೆ ಸೇರದೆ, ಮೂಲೆ ತನ್ನದೇ ದಿಕ್ಕಿಗೆ ತಿರುಗಿ, ಯಾರೋ ಹಿಡಿದು ಮಡಚಿದ ಹಾಗೆ ಕೂತಿತ್ತು. ಇನ್ನೂರರ ಜಾಗದಲ್ಲಿ ಇನ್ನೂರಾ ಒಂದು.

ಮಲ್ಲಪ್ಪನ ಫೋನಿಗೆ ಓಡಿದೆ.

"ಅಣ್ಣಾ, ನಾ ಎಷ್ಟ ಹೇಳಿದ್ನಿ?"

"ಎರಡು ನೂರು."

"ನೀ ಎಷ್ಟ ಹೊಡದಿ?"

"ಮದುವಿ ಕಾರ್ಡಲೇ ಅದು. ಒಂದು ಕೂಡಿಸಿದ್ರ ಏನ ಹೋಗ್ತಿತ್ತು? ನಿನ್ನ ಕಂಬಳಿಗೇನ ತೂತ ಬಿತ್ತಾ?"

"ಮೂಲಿ ತಿರುಗೇತಿ."

"ತಿರಗಲಿ ಬಿಡು. ಸೊನ್ನಿಗೆ ಅಂತೂ ನಿಂತಿಲ್ಲ."

ಅಂಗಡಿಗೆ ಬಂದು ಕರಿಶಾಯಿಯ ಪೆನ್ನು ತೆಗೆದುಕೊಂಡು ಕೂತೆ. ಕಡೆಗೆ ಬೀರಪ್ಪನಿಗೆ ಹೋಗುವ ಒಂದನ್ನಾದರೂ ಕೈಯಿಂದ ತಿದ್ದೋಣವೆಂದು. ಪೆನ್ನು ಕಾರ್ಡಿಗೆ ತಾಕುವುದರಲ್ಲಿ ಲಗಮವ್ವ ಒಳಗೆ ಬಂದಳು. ತಪ್ಪಾಗಿದೆ ಬೇ, ಮೂಲೆಯೊಂದು ಹೀಗಾಗಿದೆ, ಈಗ ಸರಿಮಾಡುತ್ತೇನೆ ಎಂದು ನಾನು ಹೇಳುತ್ತಿದ್ದಂತೆ ಅವಳು ಕಾರ್ಡು ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಆ ಮೂಲೆಯ ಮೇಲೆ ಹೆಬ್ಬೆರಳಾಡಿಸಿದಳು. ಅವಳ ಹೆಬ್ಬೆರಳು ನನ್ನದಕ್ಕಿಂತ ಅಗಲವಾಗಿತ್ತು, ಕಂಬಳಿಯ ಅರ್ಧ ಅದರ ಕೆಳಗೆ ಹೋಯಿತು.

"ಪೆನ್ನ ಒಳಗ ಇಡ್ರಿ ಮಾಸ್ತರ್ರ."

"ತಪ್ಪ ಐತಲ್ಲ ಬೇ."

"ಇರಲಿ. ಹಿಂಗ ಇರಲಿ." ಭಂಡಾರ ಹಚ್ಚಿ ಮಗನ ಕೈಗೆ ಕೊಟ್ಟಳು. "ಹೋಗು. ಅವ ಏನ ಅಂದ್ರೂ ನೀ ಮಾತಾಡಬ್ಯಾಡ. ಕೊಟ್ಟ ಬಾ."

ಸಿದ್ದಪ್ಪ ಕೊಟ್ಟು ಬಂದ. ಬಂದು ಹೇಳಿದ್ದಿಷ್ಟೇ: "ಇಸ್ಕೊಂಡ. ನೋಡಿದ. ರುಮಾಲದಾಗ ಸಿಗಿಸಿಕೊಂಡ. ಕುರಿ ಕಡೆ ಹ್ವಾದ."

ಮದುವೆಗೆ ನಾನು, ಅಣ್ಣಾಸಾಹೇಬ ಇಬ್ಬರೂ ಹೋದೆವು. ಆ ಮೂಲೆಯ ಜಗಳದಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ, ಆದರೂ ಜೊತೆಯಾಗಿಯೇ ಹೋದೆವು. ಹಂದರದ ತಲೆಗೆ ಹಿರಿಯರಿಗೆಂದು ದೊಡ್ಡ ಕರಿಕಂಬಳಿ ಹಾಸಿತ್ತು. ಹಿರಿಯರು ಆಗಲೇ ಒತ್ತಾಗಿ ಕೂತಿದ್ದರು. ಕೆಳಗಿನ ಎಡಮೂಲೆಯಲ್ಲಿ ಮಾತ್ರ ಒಬ್ಬರು ಕೂಡುವಷ್ಟು ಜಾಗ ಖಾಲಿ. ಟೈಪಿಂಗ್ ಮಾಸ್ತರನೆಂದರೆ ಸಮಾಜದಲ್ಲಿ ಅದಕ್ಕಿಂತ ಕಡಿಮೆಯ ಸ್ಥಾನವೇನಲ್ಲ ಎಂದು ಭಾವಿಸಿ, ನಾನು ಧೋತರ ಸರಿಮಾಡಿಕೊಂಡು ಅತ್ತ ನಡೆದೆ.

"ಅಲ್ಲಿ ಬ್ಯಾಡ್ರಿ" ಎಂಬ ದನಿ ಹಂದರದ ಆ ತುದಿಯಿಂದ ಬಂತು. ಲಗಮವ್ವ. "ಈ ಕಡೆ ಬರ್ರಿ ಮಾಸ್ತರ್ರ, ನಿಮಗ ಕುರ್ಚಿ ಐತಿ."

ನೂರಾರು ಜನರ ಎದುರು ನಾನು ತಿರುಗಿದೆ. ಕಂಬಳಿಯ ಆ ಮೂಲೆ ಮಡಚಿಟ್ಟಿತ್ತು ಎಂಬುದು ಕುರ್ಚಿಯಲ್ಲಿ ಕೂತ ಮೇಲೆ ಕಣ್ಣಿಗೆ ಬಿತ್ತು. ಕಾರ್ಡಿನ ಮೂಲೆ ನೆನಪಾಗಿ ನನಗೆ ಮೈಯೆಲ್ಲ ಕಣ್ಣಾಯಿತು. ಅಣ್ಣಾಸಾಹೇಬ ಮಾತ್ರ ಇನ್ನೂ ಊಟದ ವಾಸನೆಯ ದಿಕ್ಕು ಹುಡುಕುತ್ತಿದ್ದ.

ಅಕ್ಕಿಕಾಳಿಗೆ ಸ್ವಲ್ಪವೇ ಮುನ್ನ ಬೀರಪ್ಪ ಬಂದ. ಕಾಲಿಗೆ ಮೊಣಕಾಲತನಕ ಧೂಳು, ಕೈಯಲ್ಲಿ ಕೋಲು. ಯಾರನ್ನೂ ಮಾತಾಡಿಸದೆ ನೇರವಾಗಿ ಕಂಬಳಿಯ ಮುಂದೆ ಬಂದು ನಿಂತ. ರುಮಾಲಿನಿಂದ ಕಾರ್ಡು ತೆಗೆದ. ಕಾರ್ಡು ನೋಡಿದ, ಕಂಬಳಿ ನೋಡಿದ. ಆಮೇಲೆ ಕೋಲು ಬದಿಗಿಟ್ಟು, ಬಗ್ಗಿ, ಮಡಚಿದ ಮೂಲೆಯನ್ನು ಬಿಚ್ಚಿ, ಅಂಗೈಯಿಂದ ಎರಡು ಸಲ ಸವರಿ ಸಪಾಟು ಮಾಡಿ, ಅದರ ಮೇಲೆ ಕೂತ.

ಲಗಮವ್ವ ಬಂದು ಅವನ ಮುಂದೆ ನಿಂತಳು.

"ಎಷ್ಟ ಹೊತ್ತೋ ಬೀರಾ, ಕುರಿ ನೋಡಾಕ ಹೋಗಿ?"

ಅವನು ತಲೆ ಎತ್ತಲಿಲ್ಲ. "ಅವತ್ತೂ ಮೂಲಿ ಮಡಚೇ ಹೋಗಿದ್ನಿ, ಅಕ್ಕಾ."

"ಗೊತ್ತೈತಿ. ಪ್ಯಾಟಿ ಮಂದಿ, ಅವರಿಗೇನ ತಿಳೀತೈತಿ. ನಾ ನೋಡಿಕೋಬೇಕಿತ್ತು." ಅವನ ಕೋಲನ್ನು ಎತ್ತಿಕೊಂಡು ಹೇಳಿದಳು: "ಇನ್ನ ಏಳಬ್ಯಾಡ. ಊಟಾ ಇಲ್ಲೇ ತರಸ್ತೇನಿ."

ಅಣ್ಣಾಸಾಹೇಬ ನನ್ನ ಪಕ್ಕೆಗೆ ತಿವಿದ. ಮೂರು ವಾರದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು: "ಸೊನ್ನಿಗೆ ನಿಲ್ಲಸಬಾರದು ಅಂದಿದ್ನಿಲ್ಲಲೇ?"

ಊಟವಾದ ಮೇಲೆ ಜನ ನನ್ನ ಹತ್ತಿರ ಬಂದು, ಮಾಸ್ತರರಿಗೆ ಕುರುಬರ ರೂಢಿ ಎಷ್ಟು ಸೂಕ್ಷ್ಮವಾಗಿ ಗೊತ್ತಿದೆ, ಯಂತ್ರದಲ್ಲಿ ಮೂಲೆ ಮಡಚಿಬಿಟ್ಟರಲ್ಲ ಎಂದು ಹೊಗಳಿದರು. ನಾನು ಅಲ್ಲಗಳೆಯಲಿಲ್ಲ. ಒಪ್ಪಿಕೊಳ್ಳಲೂ ಇಲ್ಲ. ಹಿರಿಯರು ಇಂಥ ಹೊತ್ತಿನಲ್ಲಿ ಮಾಡುವಂತೆ ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡೆ.

ಅದಾದ ಮೇಲೆ ಯಂತ್ರಗಳು ಬದಲಾದವು. ಹೊಸ ಯಂತ್ರದಲ್ಲಿ ಇನ್ನೂರಾ ಒಂದು ಹೊಡೆದರೆ ಮೂಲೆ, ಅದರ ಮುಂದೆ ಒಂದು ಸೊನ್ನೆ ಇಟ್ಟು ಹೊಡೆದರೆ ಕೊಕ್ಕೆಯ ಪರದೇಶಿ ಅಕ್ಷರ. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂದು ಸಾಲಿಯಲ್ಲಿ ಬೆತ್ತದಿಂದ ಕಲಿತವನು ನಾನು. ಆ ವಯಸ್ಸಿನಲ್ಲಿ ಅದನ್ನು ಮರೆಯಬೇಕಾಯಿತು. ಈಗಂತೂ ಫೋನಿನಲ್ಲಿ ಬೆರಳು ಒತ್ತಿದರೆ ಸಾವಿರ ಪುಟ್ಟ ಚಿತ್ರಗಳು. ಒಂದು ಮಧ್ಯಾಹ್ನ ಪೂರ್ತಿ ಹುಡುಕಿದೆ. ಒಂಟೆ ಇದೆ, ಒಂಟೆಯಲ್ಲೂ ಎರಡು ಬಗೆ ಇವೆ. ಕುರಿ ಇದೆ, ಟಗರು ಇದೆ. ಕಂಬಳಿ ಇಲ್ಲ. ಅಣ್ಣಾಸಾಹೇಬನಿಗೆ ಹೀಗೆಂದು ಸಂದೇಶ ಕಳಿಸಿದೆ. ಅವನು ಒಂದು ತೆಂಗಿನಕಾಯಿಯ ಚಿತ್ರ ಕಳಿಸಿದ. ಐವತ್ತೊಂದು ಸಲ.

ಮೂಡಲಗಿಯ ಮದುವೆಗೆ ತಿರುಗಿ ಬರುತ್ತೇನೆ. ಇಷ್ಟೆಲ್ಲ ನೆನೆಯುವುದರಲ್ಲಿ ನನ್ನ ತೊಡೆಯ ಮೇಲೆ ಐದು ಸಾಲು ಕಂಬಳಿ ನೇಯ್ದು ಆರನೆಯದು ಶುರುವಾಗಿತ್ತು. ಎರಡು. ಸೊನ್ನೆ. ಮೂರನೆಯ ಅಂಕಿಗೆ ಬೆರಳು ಗಾಳಿಯಲ್ಲಿ ಸ್ವಲ್ಪ ನಿಂತಿತು. ಆಮೇಲೆ ಒಂದಕ್ಕೆ ಇಳಿಯಿತು. ಮೂವತ್ತು ವರ್ಷದಿಂದ ಅದು ಹೀಗೆಯೇ ಇಳಿಯುತ್ತಿದೆ, ನಾನು ತಿದ್ದುವುದು ಬಿಟ್ಟಿದ್ದೇನೆ.

ಗಣಿತ ಮಾಸ್ತರರು ಎದ್ದರು. "ನೀರ ಕುಡದ ಬರ್ತೇನ್ರಿ. ನನ್ನ ಕುರ್ಚಿ ಒಂಚೂರು ನೋಡ್ಕೋರಿ. ಮಂದಿ ಭಾಳ ಐತಿ."

"ನಡೀರಿ, ನೋಡ್ಕೊಂತೇನಿ" ಎಂದೆ.

ಅವರು ಹೋದ ಮೇಲೆ ಕೈಯಲ್ಲಿದ್ದ ಮದುವೆಯ ಕಾರ್ಡಿನ ಕೆಳಗಿನ ಎಡಮೂಲೆಯನ್ನು ಮಡಚಿ ಅವರ ಕುರ್ಚಿಯ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ರುಮಾಲು ಸುತ್ತಿದ ಒಬ್ಬ ಹಿರಿಯರು ಬಂದು ಕುರ್ಚಿಯ ಬೆನ್ನಿಗೆ ಕೈಹಾಕಿದರು. ಕಾರ್ಡು ನೋಡಿದರು. ಬಗ್ಗಿ ಇನ್ನೊಮ್ಮೆ ನೋಡಿದರು. ಕೈ ತೆಗೆದು, ಏನೂ ಕೇಳದೆ, ಬೇರೆ ಕುರ್ಚಿ ಹುಡುಕಿಕೊಂಡು ಹೋದರು.